ಸ್ಟೇಶನ್ ಮೆಟ್ಟಿಲು ಹತ್ತದ ಕಳವುಗಳು

ಬಹಳ ದಿನ ಆಯ್ತು, ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸು, ಮನೆ, ಟ್ರಾಫಿಕ್ಕು ಅನ್ನೋ ಅದೇ ಹಳೇ ನೆಪ. ಕಳೆದ ತಿಂಗಳು ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಊರು ಅಂದರೆ ತುಕ್ಕಾನಟ್ಟಿ. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ ಬೆಳಗಾವಿ ಜಿಲ್ಲೆ, ಮೊದಲು ಗೋಕಾಕ ತಾಲೂಕು, ಈಗ ಮೂಡಲಗಿ ತಾಲೂಕು. ಕೃಷಿ ವಿಜ್ಞಾನ ಕೇಂದ್ರ ಇರುವ ಊರು ಅಂದರೆ ನಮ್ಮ ಕಡೆಯ ರೈತರ ಮಕ್ಕಳಿಗೆ ಥಟ್ಟನೆ ಗುರುತು ಸಿಗುತ್ತದೆ.

ಹೋದ ದಿನವೇ ಮನೆಯಲ್ಲಿ ಒಂದು ಸುದ್ದಿ ಕಾದಿತ್ತು. ಹೊಲದ ಬಾವಿಯ ಮೋಟಾರಿನ ಕೇಬಲ್ಲನ್ನು ಯಾರೋ ರಾತ್ರಿ ಕೊಯ್ದುಕೊಂಡು ಹೋಗಿದ್ದರು. ಒಳಗಿನ ತಾಮ್ರದ ತಂತಿಗೆ ಗುಜರಿಯಲ್ಲಿ ಒಳ್ಳೆಯ ರೇಟು. ಕಬ್ಬಿಗೆ ನೀರು ಬಿಡುವ ಹೊತ್ತು ಬೇರೆ. ಅಪ್ಪ ಮರುದಿನವೇ ಹೊಸ ಕೇಬಲ್ ತಂದು ಹಾಕಿಸಿದ್ದರು. ನಾನು ಪ್ಯಾಟಿಯವನ ಗತ್ತಿನಲ್ಲಿ ಕೇಳಿದೆ:

"ಅಪ್ಪಾ, ಸ್ಟೇಶನ್ನಿಗೆ ಕಂಪ್ಲೇಂಟ್ ಕೊಟ್ರಿ ಏನು?"

ಅಪ್ಪ ಎಲಿಗೆ ಸುಣ್ಣ ಹಚ್ಚುತ್ತಾ ಹೇಳಿದರು, "ಕೇಬಲ್ ಹಾಕ್ಸೂದು ಒಂದ್ ದಿನದ ಕೆಲಸ. ಕಂಪ್ಲೇಂಟ್ ಕೊಡೂದು ಎಷ್ಟ್ ದಿನದ ಕೆಲಸ ಗೊತ್ತೈತೇನ್ ನಿನಗ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಂಜೆ ಗುಡಿ ಕಟ್ಟೆ ಮೇಲೆ ಏಳು ಜನ ಕೂತಿದ್ದರು. ಎಲ್ಲ ಕಾಕಾ, ಮಾವ ಅನ್ನಬೇಕಾದವರೇ. ಹುಡುಗಾಟಕ್ಕೆ ಒಂದು ಸರ್ವೆ ಶುರು ಮಾಡಿದೆ. "ಹ್ವಾದ ಒಂದ್ ವರ್ಷದಾಗ ನಿಮ್ಮ ಮನ್ಯಾಗ, ಹೊಲದಾಗ ಏನಾರ ಕಳವ ಆಗೇತೇನ್ರಿ?" ಏಳೂ ಜನ "ಇಲ್ಲಪಾ, ನಮ್ಮ ಊರಾಗ ಹಂಗೇನಿಲ್ಲ" ಅಂದರು. ಊರಿನ ಮಾನದ ಪ್ರಶ್ನೆ ನೋಡಿ! ನಾನು ಬಿಡಲಿಲ್ಲ, ಒಂದೊಂದಾಗಿ ಕೇಳಿದೆ. ಕೇಬಲ್ಲು? ಸ್ಟಾರ್ಟರು? ಆಡು, ಕುರಿ? ಸೈಕಲ್ಲು? ಮೊಬೈಲು? ಆಗ ನೆನಪುಗಳು ಬಿಚ್ಚಿಕೊಂಡವು. ಒಬ್ಬರ ಸ್ಟಾರ್ಟರ್ ಹೋಗಿತ್ತು, ಇನ್ನೊಬ್ಬರ ಎರಡು ಆಡು, ಮತ್ತೊಬ್ಬರ ಮೊಬೈಲು ಸಂತೆಯಲ್ಲಿ. ಆಡು ಕಳಕೊಂಡ ಕಾಕಾ ಅಂತೂ "ಏ, ಅದನ್ನೂ ಕಳವ ಅಂತ ಹಿಡೀತಿ ಏನು?" ಎಂದು ನನ್ನನ್ನೇ ಕೇಳಿದರು.

ಇಷ್ಟರಲ್ಲಿ ಸ್ಟೇಶನ್ನಿಗೆ ಹೋದವರು ಒಬ್ಬರೇ, ಮೊಬೈಲಿನವರು. ಅದೂ ಕಳ್ಳ ಸಿಗಲಿ ಅಂತ ಅಲ್ಲ. ಹಳೇ ನಂಬರಿನ ಸಿಮ್ಮು ಮತ್ತೆ ಬೇಕಿತ್ತು, ಅದಕ್ಕೆ ಪೊಲೀಸರ ಕಾಗದ ತಗೊಂಡು ಬಾ ಅಂದಿದ್ದರಂತೆ.

ಬೆಂಗಳೂರಿಗೆ ವಾಪಸ್ ಬಂದ ಮೇಲೂ ಈ ಕಟ್ಟೆ ಸರ್ವೆ ತಲೆಯಿಂದ ಇಳಿಯಲಿಲ್ಲ. ಸರ್ಕಾರದ ಪುಸ್ತಕದಲ್ಲಿ ಆ ಕಟ್ಟೆಯ ಮೇಲಿನ ಅಪರಾಧಗಳ ಲೆಕ್ಕ ಒಂದು. ನನ್ನ ಲೆಕ್ಕದಲ್ಲಿ ನಮ್ಮ ಮನೆಯದೂ ಸೇರಿ ನಾಲ್ಕು. ಹಾಗಾದರೆ ನಾವು ದಿನಾ ಪೇಪರಿನಲ್ಲಿ ಓದುವ "ಅಪರಾಧ ಹೆಚ್ಚಳ", "ಅಪರಾಧ ಇಳಿಕೆ" ಇವೆಲ್ಲ ಯಾವುದರ ಲೆಕ್ಕ? ಅಪರಾಧದ್ದೋ, ಸ್ಟೇಶನ್ನಿಗೆ ಹೋದವರದ್ದೋ? ಈ ಪ್ರಶ್ನೆ ಹಿಡಿದು ಓದುತ್ತಾ ಹೋದಾಗ ಸಿಕ್ಕ ಇತಿಹಾಸ ಇದು. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

* * *

ಮೊದಲು ನಮ್ಮ ಹಳ್ಳಿಗಳ ಹಳೇ ಪದ್ಧತಿ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ನಮ್ಮ ಸೀಮೆ ಕಂಪನಿ ಸರ್ಕಾರದ ಕೈಗೆ ಬಂತು. ಮರುವರ್ಷ, 1819ರಲ್ಲಿ, ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಪೇಶ್ವೆಯಿಂದ ಗೆದ್ದ ಪ್ರದೇಶಗಳ ಬಗ್ಗೆ ಒಂದು ದೊಡ್ಡ ವರದಿ ಬರೆದ. ಹಳ್ಳಿಯ ಕಾವಲುಗಾರನ ವಿಷಯ ಅದರಲ್ಲಿ ಬರುತ್ತದೆ. ಕನ್ನಡ ಹಳ್ಳಿಗಳಲ್ಲಿ ನಾವು ತಳವಾರ ಅನ್ನುತ್ತೇವಲ್ಲ, ಅಂಥವನು. ಕಳವಾದರೆ ಅವನು ಕಳ್ಳನ ಹೆಜ್ಜೆ ಜಾಡು ಹಿಡಿದು ಊರಿನ ಸೀಮೆಯವರೆಗೆ ಹೋಗಬೇಕು. ಜಾಡು ಸೀಮೆ ದಾಟಿದರೆ ಮುಂದಿನ ಊರಿನವರ ಪಾಲಿಗೆ ಒಪ್ಪಿಸಬೇಕು. ಜಾಡು ಎಲ್ಲಿ ನಿಂತಿತೋ ಆ ಊರಿನ ಮೇಲೆ ಹೊಣೆ. ಕಳಕೊಂಡವನಿಗೆ ಊರೇ ನಷ್ಟ ತುಂಬಿಕೊಡಬೇಕಾದ ಪ್ರಸಂಗವೂ ಬರುತ್ತಿತ್ತು.

ಇದು ರಾಮರಾಜ್ಯ ಅಂತ ನಾನೇನೂ ಹೇಳುತ್ತಿಲ್ಲ. ಯಾರ ಕಳವಿಗೆ ತಳವಾರ ಓಡುತ್ತಿದ್ದ, ಯಾರದಕ್ಕೆ ಮಲಗಿರುತ್ತಿದ್ದ ಅನ್ನೋದು ಜಾತಿ, ಜಮೀನಿನ ಮೇಲೆ ನಿಂತಿದ್ದೇ. ಆದರೂ ಒಂದು ಮಾತು ಗಮನಿಸಿ. ಕಳವಾಯಿತು ಎಂದು ಹೇಳಿಕೊಳ್ಳಲು ದೂರ ಹೋಗಬೇಕಿರಲಿಲ್ಲ, ಹೇಳಿದರೆ ಏನೋ ಒಂದು ಆಗುತ್ತದೆ ಎಂಬ ಲೆಕ್ಕ ಇತ್ತು. 1861ರ ಪೊಲೀಸ್ ಕಾಯ್ದೆಯ ಕಾಲಕ್ಕೆ ಠಾಣೆ, ಡೈರಿ, ದಫ್ತರ ಎಲ್ಲ ಬಂದವು. ಅಲ್ಲಿಂದ ಮುಂದೆ ಅಪರಾಧ ಅಂದರೆ ಠಾಣೆಯ ಪುಸ್ತಕದಲ್ಲಿ ಬರೆದದ್ದು. ಬರೆಯದೇ ಇದ್ದದ್ದು ನಡೆದೇ ಇಲ್ಲ!

ಯುರೋಪಿನಲ್ಲೂ ಹೀಗೇ. ಫ್ರಾನ್ಸ್ ದೇಶ 1827ರಿಂದ ತನ್ನ ನ್ಯಾಯಾಲಯಗಳ ಅಪರಾಧ ಅಂಕಿಗಳನ್ನು ವರ್ಷಾವರ್ಷ ಅಚ್ಚು ಹಾಕಿಸಲು ಶುರು ಮಾಡಿತು. ಅದನ್ನು ಹಿಡಿದು ಕೂತವನು ಬೆಲ್ಜಿಯಮ್ಮಿನ ಅಡಾಲ್ಫ್ ಕೆಟ್ಲೆ. ಮೂಲತಃ ಆಕಾಶ ನೋಡುವ ಖಗೋಳದವನು. ನಕ್ಷತ್ರಗಳ ಲೆಕ್ಕ ಬಿಟ್ಟು ಮನುಷ್ಯರ ಲೆಕ್ಕಕ್ಕೆ ಇಳಿದ. ಕೊಲೆ, ಕಳವು ಎಲ್ಲ ವರ್ಷವರ್ಷವೂ ಹೆಚ್ಚುಕಡಿಮೆ ಅಷ್ಟಷ್ಟೇ ಆಗುತ್ತವೆ ಎಂದು ನೋಡಿ ಅವನಿಗೆ ಆಶ್ಚರ್ಯ. ಆದರೆ ಒಂದು ಅನುಮಾನ ಅವನನ್ನು ಬಿಡಲಿಲ್ಲ. ನಮಗೆ ಗೊತ್ತಾಗುವುದು ಗೊತ್ತಾದ ಅಪರಾಧ ಮಾತ್ರ, ಗೊತ್ತಾಗದೇ ಉಳಿದವು ಎಷ್ಟೋ. ಈ ಎರಡರ ನಡುವಿನ ಪ್ರಮಾಣ ಬದಲಾಗುವುದಿಲ್ಲ ಎಂದು ನಂಬಿಕೊಂಡರೆ ಮಾತ್ರ ಈ ಅಂಕಿಗಳಿಗೆ ಅರ್ಥ, ಇಲ್ಲದಿದ್ದರೆ ಕಟ್ಟಿದ್ದೆಲ್ಲ ಬಿದ್ದುಹೋಗುತ್ತದೆ ಎಂದು ಅವನು ಆವತ್ತೇ ಒಪ್ಪಿಕೊಂಡಿದ್ದ. ಈ ಕಾಣದ ಭಾಗಕ್ಕೆ ಆಮೇಲಿನವರು "ಕತ್ತಲ ಅಂಕಿ" ಎಂಬರ್ಥದ ಹೆಸರಿಟ್ಟರು. ನಮ್ಮ ಬಾವಿಯ ಕೇಬಲ್ಲು ಇರುವುದು ಆ ಕತ್ತಲೆಯಲ್ಲೇ.

* * *

ಈಗ ಮತ್ತೆ ನಮ್ಮ ಕಡೆ ಬರೋಣ. ಗೋಕಾಕ ಫಾಲ್ಸ್ ನೋಡಿದ್ದೀರಲ್ಲ? ಮಳೆಗಾಲದಲ್ಲಿ ಘಟಪ್ರಭಾ ನದಿ ಕೆಂಪಗೆ ಧುಮುಕುವ ಜಾಗ, ತೂಗುಸೇತುವೆ, ಪಕ್ಕದಲ್ಲಿ 1880ರ ದಶಕದಲ್ಲಿ ಹುಟ್ಟಿದ ನೂಲಿನ ಗಿರಣಿ. ಸಾಲಿ ಟ್ರಿಪ್ಪಿನಲ್ಲಿ ಹೋದಾಗ ನಮಗೆ ಇಷ್ಟೇ ತೋರಿಸುತ್ತಿದ್ದರು. ಅಲ್ಲಿ ಇನ್ನೊಂದು ಇತ್ತು, ಅದನ್ನು ಯಾರೂ ಹೇಳಿರಲಿಲ್ಲ. ಮುಂಬಯಿ ಇಲಾಖೆಯ "ಅಪರಾಧಿ ಬುಡಕಟ್ಟು"ಗಳ ಸೆಟ್ಲ್‌ಮೆಂಟು.

ಕತೆ ಹೀಗಿದೆ. ಬ್ರಿಟಿಷ್ ಸರ್ಕಾರ 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಎಂಬ ಕಾಯ್ದೆ ಮಾಡಿತು, ಮೊದಲು ಉತ್ತರ ಹಿಂದೂಸ್ಥಾನಕ್ಕೆ. 1911ರ ಹೊಸ ಕಾಯ್ದೆಯಿಂದ ನಮ್ಮ ಕಡೆಗೂ ಬಂತು. ಕೆಲವು ಅಲೆಮಾರಿ ಜಾತಿಗಳವರು ಹುಟ್ಟಿನಿಂದಲೇ ಅಪರಾಧಿಗಳು ಅಂತ ಸರ್ಕಾರವೇ ತೀರ್ಮಾನ ಮಾಡಿ ಹೆಸರು ನೋಂದಾಯಿಸಿಕೊಳ್ಳುತ್ತಿತ್ತು. ಬೆರಳಚ್ಚು, ಹಾಜರಿ, ಪಾಸಿಲ್ಲದೆ ಊರು ಬಿಡುವಂತಿಲ್ಲ. ಬಿಜಾಪುರದಲ್ಲಿದ್ದ ಓ.ಎಚ್.ಬಿ. ಸ್ಟಾರ್ಟೆ ಎಂಬ ಐ.ಸಿ.ಎಸ್. ಅಧಿಕಾರಿ ಈ ಸೆಟ್ಲ್‌ಮೆಂಟುಗಳನ್ನು ಕಟ್ಟಿ ಬೆಳೆಸಿದವರು. ಬಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರ, ಹಾಗೇ ನಮ್ಮ ಗೋಕಾಕ ಫಾಲ್ಸ್. ಗಿರಣಿಗಳಿಗೆ ಕೂಲಿ ಬೇಕಿತ್ತು, ಸರ್ಕಾರಕ್ಕೆ ಕಣ್ಣಳತೆಯಲ್ಲಿ ಜನ ಬೇಕಿತ್ತು.

ಇದು ನಮ್ಮ ವಿಷಯಕ್ಕೆ ಯಾಕೆ ಅಂದರೆ, ಇದೂ ಒಂದು ಥರದ ಲೆಕ್ಕವೇ. ಎಷ್ಟು ಕಳವಾಯಿತು, ಯಾರಿಗೆ ನಷ್ಟವಾಯಿತು ಎಂದು ಮನೆ ಮನೆಗೆ ಹೋಗಿ ಕೇಳಲಿಲ್ಲ. ಅದರ ಬದಲು ಕಳ್ಳರು ಯಾರು ಅಂತ ಮೊದಲೇ ಬರೆದಿಟ್ಟುಕೊಂಡು ಅವರ ತಲೆ ಎಣಿಸಿದರು. ಎಣಿಸಿದ ಮೇಲೆ ಸುತ್ತ ಎಲ್ಲೇ ಕಳವಾದರೂ ಮೊದಲು ಹೋಗಿ ಹಿಡಿಯುವುದು ಅವರನ್ನೇ. ಹಿಡಿದವರ ಸಂಖ್ಯೆ ಹೆಚ್ಚಿದ್ದಕ್ಕೆ "ನೋಡಿ, ನಾವು ಹೇಳಿರಲಿಲ್ಲವೇ" ಎಂಬ ಪುರಾವೆ! ಆ ಬೇಲಿಯ ಒಳಗಿನವರಿಗೆ ಅನ್ಯಾಯವಾದರೆ ಅವರು ಯಾರ ಹತ್ತಿರ ಹೋಗಿ ಫಿರ್ಯಾದಿ ಕೊಡಬೇಕಿತ್ತು? ಹಾಜರಿ ಹಿಡಿಯುವವರ ಹತ್ತಿರವೇ?

ಮುಂಬಯಿ ಪ್ರಾಂತ 1949ರಲ್ಲಿ ಈ ಕಾಯ್ದೆಯನ್ನು ಕೈಬಿಟ್ಟಿತು. ಇಡೀ ದೇಶದಲ್ಲಿ ಅದು ರದ್ದಾದದ್ದು 1952ರ ಆಗಸ್ಟ್ 31ಕ್ಕೆ. ಆ ಸಮುದಾಯಗಳು ಇಂದಿಗೂ ಆ ದಿನವನ್ನು ವಿಮುಕ್ತ ದಿನ ಎಂದು ಆಚರಿಸುತ್ತವೆ. ಆದರೆ ಸಂಶಯ ಅಷ್ಟು ಸುಲಭಕ್ಕೆ ರದ್ದಾಗುತ್ತದೆಯೇ? ನಮ್ಮ ಕಟ್ಟೆಯ ಮೇಲೂ ಕೇಬಲ್ಲಿನ ಮಾತು ಬಂದಾಗ "ಮತ್ಯಾರು, ಅವರ ಇರಬೇಕು" ಎಂಬ ದನಿ ಬಂತು. ನೋಡಿದವರು ಯಾರೂ ಇರಲಿಲ್ಲ. ಕಂಪ್ಲೇಂಟು ಇಲ್ಲದ, ತನಿಖೆ ಇಲ್ಲದ ಊರಿನಲ್ಲಿ ತೀರ್ಪು ಮಾತ್ರ ಬೇಗ ಬರುತ್ತದೆ.

* * *

ಸ್ವಾತಂತ್ರ್ಯ ಬಂದ ಮೇಲೆ 1953ರ ಅಂಕಿಗಳಿಂದ ಶುರುವಾಗಿ "ಕ್ರೈಮ್ ಇನ್ ಇಂಡಿಯಾ" ಎಂಬ ವಾರ್ಷಿಕ ವರದಿ ಬರತೊಡಗಿತು. 1986ರಲ್ಲಿ ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗ, ಅಂದರೆ ಎನ್.ಸಿ.ಆರ್.ಬಿ. ಹುಟ್ಟಿ ಈ ಕೆಲಸ ವಹಿಸಿಕೊಂಡಿತು. ಪೇಪರುಗಳಲ್ಲಿ ಬರುವ ಅಂಕಿಗಳೆಲ್ಲ ಹೆಚ್ಚಾಗಿ ಇದರವೇ.

ಈ ಪುಸ್ತಕದ ಒಳಗಿನ ಎರಡು ಸಂಗತಿ ನನಗೆ ಮೊದಲು ಗೊತ್ತಿರಲಿಲ್ಲ. ಒಂದು, ಒಂದೇ ಎಫ್.ಐ.ಆರ್.ನಲ್ಲಿ ನಾಲ್ಕು ಅಪರಾಧ ಇದ್ದರೆ ಎಲ್ಲಕ್ಕಿಂತ ದೊಡ್ಡ ಶಿಕ್ಷೆಯ ಅಪರಾಧವೊಂದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಮನೆ ಹೊಕ್ಕು ಕಳವು ಮಾಡಿ, ಹೊಡೆದು, ಕೊನೆಗೆ ಕೊಲೆಯೂ ಆಗಿದ್ದರೆ ಕೊಲೆ ಒಂದೇ ಲೆಕ್ಕ. ಎರಡು, ಅಂಕಿ ಏರಿದರೆ ಅಪರಾಧ ಏರಿತು ಎಂದು ತಿಳಿಯಬೇಡಿ, ದಾಖಲಾತಿ ಏರಿರಬಹುದು ಎಂದು ಎನ್.ಸಿ.ಆರ್.ಬಿ.ಯೇ ಎಚ್ಚರಿಕೆ ಕೊಡುತ್ತದೆ. ಎಷ್ಟೋ ವರ್ಷ ಕೇರಳದ ಅಪರಾಧ ಪ್ರಮಾಣ ದೇಶದಲ್ಲೇ ಮೇಲಿನ ಸಾಲಿನಲ್ಲಿ ಕಾಣುತ್ತದೆ. ಕೇರಳದವರು ಅಷ್ಟು ಕೆಟ್ಟವರೇ? ಅಲ್ಲ, ಅಲ್ಲಿ ಜನ ಠಾಣೆಗೆ ಹೋಗುತ್ತಾರೆ, ಠಾಣೆಯಲ್ಲಿ ಬರೆದುಕೊಳ್ಳುತ್ತಾರೆ ಅನ್ನೋದು ಹೆಚ್ಚು ನಂಬುವಂಥ ಕಾರಣ. ಎಲ್ಲೂ ಬರೆಯದ ಜಿಲ್ಲೆ ಪುಸ್ತಕದಲ್ಲಿ ಶಾಂತವಾಗಿ ಕಾಣುತ್ತದೆ.

ಠಾಣೆಯ ಕಡೆಯ ಕಷ್ಟವನ್ನೂ ಹೇಳಬೇಕು. ಅಧಿಕಾರಿಯ ಕೆಲಸವನ್ನು ಅವನ ಠಾಣೆಯ ಅಪರಾಧದ ಸಂಖ್ಯೆಯ ಮೇಲೆ ಅಳೆದರೆ ಅವನು ಪೆನ್ನು ತೆಗೆಯಲು ಹಿಂಜರಿಯುತ್ತಾನೆ. 1977ರಿಂದ 1981ರವರೆಗೆ ಕೆಲಸ ಮಾಡಿದ, ಧರ್ಮವೀರ ಅಧ್ಯಕ್ಷತೆಯ ರಾಷ್ಟ್ರೀಯ ಪೊಲೀಸ್ ಆಯೋಗ ಈ ರೋಗವನ್ನು ಆಗಲೇ ಗುರುತಿಸಿತ್ತು. 2013ರ ನವೆಂಬರಿನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್.ಐ.ಆರ್. ಹಾಕಲೇಬೇಕು ಎಂದು ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಯಾವ ಠಾಣೆಯ ಹದ್ದಿನಲ್ಲಿ ನಡೆದಿದ್ದರೂ ದೂರು ಕೊಡಬಹುದು, ಕಂಪ್ಯೂಟರಿನ ಮೂಲಕ ಕಳಿಸಿ ಮೂರು ದಿನದೊಳಗೆ ಸಹಿ ಹಾಕಬಹುದು ಎಂದಿದೆ. ಒಳ್ಳೆಯದೇ. ಆದರೆ ಇದೆಲ್ಲ ದೂರು ಕೊಡಲು ಮನಸ್ಸು ಮಾಡಿದವರಿಗೆ. ಎಲಿಗೆ ಸುಣ್ಣ ಹಚ್ಚುತ್ತಾ ಕೂತ ನಮ್ಮಪ್ಪನಂಥವರಿಗೆ?

* * *

ಅಂಥವರ ಲೆಕ್ಕ ಬೇಕಾದರೆ ದಾರಿ ಒಂದೇ. ಅವರು ಠಾಣೆಗೆ ಬರಲಿ ಅಂತ ಕಾಯದೆ ನಾವೇ ಅವರ ಮನೆ ಬಾಗಿಲಿಗೆ ಹೋಗಿ ಕೇಳುವುದು. ಸರಳ ವಿಚಾರ. ಆದರೆ ದೊಡ್ಡ ಪ್ರಮಾಣದಲ್ಲಿ ಇದನ್ನು ಮಾಡಲು 1966ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಅಧ್ಯಕ್ಷರು ನೇಮಿಸಿದ್ದ ಆಯೋಗಕ್ಕಾಗಿ ಹತ್ತು ಸಾವಿರ ಮನೆಗಳಲ್ಲಿ ಕೇಳಿದರು. ಪೊಲೀಸ್ ಲೆಕ್ಕಕ್ಕೆ ಹೋಲಿಸಿದರೆ ಹಲವು ಬಗೆಯ ಅಪರಾಧಗಳು ಸುಮಾರು ಎರಡು ಪಟ್ಟು, ಕೆಲವು ಅದಕ್ಕಿಂತ ಹೆಚ್ಚು ಸಿಕ್ಕವು. 1970ರ ದಶಕದ ಆರಂಭದಿಂದ ಅಲ್ಲಿ ಇದು ಕಾಯಂ ಸಮೀಕ್ಷೆಯಾಯಿತು. ಬ್ರಿಟನ್ 1982ರಲ್ಲಿ ಶುರು ಮಾಡಿತು. 1989ರಿಂದ ಹಲವು ದೇಶಗಳಲ್ಲಿ ಒಂದೇ ಪ್ರಶ್ನೆಪಟ್ಟಿಯ ಅಂತರರಾಷ್ಟ್ರೀಯ ಸಮೀಕ್ಷೆ ನಡೆಯಿತು. 1990ರ ದಶಕದಲ್ಲಿ ಅದು ಮುಂಬಯಿಯ ಮನೆಗಳಿಗೂ ಬಂದಿತ್ತು.

ಈ ಕೆಲಸ ಮಾಡಿದವರು ಬಹಳ ಬೇಗ ಕಲಿತ ಪಾಠಗಳನ್ನು ಓದಿ ನನಗೆ ನಗು ಬಂತು, ಯಾಕೆಂದರೆ ಕಟ್ಟೆಯ ಮೇಲೆ ಅವೇ ಕಂಡಿದ್ದವು. "ನಿಮಗೆ ಏನಾದರೂ ಅಪರಾಧ ಆಗಿದೆಯೇ" ಅಂತ ಕೇಳಿದರೆ ಜನ ಇಲ್ಲ ಅನ್ನುತ್ತಾರೆ. ಆಡು, ಸೈಕಲ್ಲು, ಜೇಬು ಎಂದು ಬಿಡಿಸಿ ಕೇಳಿದರೆ ನೆನಪಾಗುತ್ತದೆ. ಇನ್ನೊಂದು, ಎರಡು ವರ್ಷದ ಹಿಂದಿನದನ್ನು ಮೊನ್ನೆ ಮೊನ್ನೆ ಆದದ್ದು ಎನ್ನುತ್ತಾರೆ. ಹೀಗಾಗಿ ಅಮೆರಿಕದಲ್ಲಿ ಆರು ತಿಂಗಳಿಗೊಮ್ಮೆ ಅದೇ ಮನೆಗೆ ಮತ್ತೆ ಹೋಗಿ, ಹೋದ ಸಲ ಹೇಳಿದ್ದನ್ನು ತೆಗೆದು ಹಾಕಿ ಹೊಸದನ್ನು ಮಾತ್ರ ಬರೆದುಕೊಳ್ಳುವ ಕ್ರಮ ಮಾಡಿದರು. ಎಲ್ಲ ಕಡೆ ಕಂಡ ಇನ್ನೊಂದು ಸತ್ಯ, ಕಾರು ಕಳವಾದರೆ ಬಹುತೇಕ ಎಲ್ಲರೂ ದೂರು ಕೊಡುತ್ತಾರೆ. ಇನ್ಶೂರೆನ್ಸಿಗೆ ಕಾಗದ ಬೇಕಲ್ಲ! ನಮ್ಮ ಸಿಮ್ಮಿನ ಕಾಕಾನ ಹಾಗೆ.

ಈ ಪದ್ಧತಿಗೂ ಮಿತಿ ಇದೆ. ಕೊಲೆಯಾದವನು ಬಾಗಿಲಿಗೆ ಬಂದು ಉತ್ತರ ಕೊಡುವುದಿಲ್ಲ. ಮನೆಯೇ ಇಲ್ಲದವನ ಬಾಗಿಲು ತಟ್ಟಲಾಗುವುದಿಲ್ಲ. ಅದಕ್ಕೇ ಠಾಣೆಯ ಪುಸ್ತಕ, ಮನೆಯ ಸಮೀಕ್ಷೆ ಎರಡೂ ಬೇಕು. ಎರಡರ ನಡುವಿನ ಅಂತರ ಇದೆಯಲ್ಲ, ಅದೇ ನಿಜವಾದ ಸುದ್ದಿ.

ನಮ್ಮ ದೇಶದಲ್ಲಿ ಆ ಅಂತರ ಎಷ್ಟು? ಐ.ಡಿ.ಎಫ್.ಸಿ. ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ದಿಲ್ಲಿ, ಮುಂಬಯಿ, ಚೆನ್ನೈ ಮತ್ತು ನಮ್ಮ ಬೆಂಗಳೂರಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮನೆಗಳನ್ನು ಕೇಳಿ 2017ರಲ್ಲಿ ವರದಿ ಪ್ರಕಟಿಸಿತು. ಕಳವಾದವರಲ್ಲಿ ಎಫ್.ಐ.ಆರ್.ವರೆಗೆ ಹೋದವರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಪೊಲೀಸು, ಕೋರ್ಟು ಅಂತ ಅಲೆಯುವುದು ಬೇಡ ಎನ್ನುವುದು ಜನ ಕೊಟ್ಟ ದೊಡ್ಡ ಕಾರಣಗಳಲ್ಲಿ ಒಂದು. ಅಂದರೆ ತುಕ್ಕಾನಟ್ಟಿಯ ಅಪ್ಪನ ಮಾತು, ಬೆಂಗಳೂರಿನ ಅಪಾರ್ಟ್‌ಮೆಂಟಿನವರ ಮಾತು ಎರಡೂ ಒಂದೇ!

* * *

ಇಲ್ಲಿಯವರೆಗೆ ಕೇಬಲ್ಲು, ಸೈಕಲ್ಲು. ಕಳ್ಳ ಹೊರಗಿನವನು. ಅಪರಾಧ ಮನೆಯೊಳಗೇ ಆದರೆ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅಂತ ಒಂದಿದೆ. ಲಸಿಕೆ, ಹೆರಿಗೆ, ರಕ್ತಹೀನತೆ ಎಲ್ಲ ಕೇಳುತ್ತಾರೆ. 2005-06ರ ಮೂರನೇ ಸುತ್ತಿನಿಂದ ಅದರಲ್ಲಿ ಮನೆಯೊಳಗಿನ ಹಿಂಸೆಯ ಬಗ್ಗೆ ವಿವರವಾದ ಪ್ರಶ್ನೆಗಳಿವೆ. ಕೇಳುವ ಕ್ರಮ ನೋಡಿ. ಒಂದು ಮನೆಯಲ್ಲಿ ಒಬ್ಬಳೇ ಹೆಣ್ಣುಮಗಳನ್ನು ಆರಿಸುತ್ತಾರೆ. ಅವಳು ಒಬ್ಬಳೇ ಇದ್ದಾಗ ಮಾತ್ರ ಕೇಳಬೇಕು. ಗಂಡ, ಅತ್ತೆ ಯಾರಾದರೂ ಬಂದರೆ ಆ ಪ್ರಶ್ನೆ ನಿಲ್ಲಿಸಬೇಕು. ಇಲ್ಲೂ "ನಿಮ್ಮ ಗಂಡ ಹಿಂಸೆ ಕೊಡುತ್ತಾನೆಯೇ" ಅಂತ ಕೇಳುವುದಿಲ್ಲ. ದೂಡಿದ್ದಾನೆಯೇ, ಕೆನ್ನೆಗೆ ಹೊಡೆದಿದ್ದಾನೆಯೇ, ಜಡೆ ಹಿಡಿದು ಎಳೆದಿದ್ದಾನೆಯೇ ಎಂದು ಒಂದೊಂದಾಗಿ ಕೇಳುತ್ತಾರೆ.

2015-16ರಲ್ಲಿ ಕರ್ನಾಟಕದ ಅಂಕಿ 20.6%. 2019-21ರ ಸುತ್ತಿನಲ್ಲಿ 44.4%, ರಾಜ್ಯಗಳಲ್ಲೇ ಎಲ್ಲಕ್ಕಿಂತ ಹೆಚ್ಚು. ಬಹಳ ಜನ ಲಾಕ್‌ಡೌನ್ ಕಾರಣ ಅಂದರು. ಆದರೆ ಕರ್ನಾಟಕದಲ್ಲಿ ಈ ಸಮೀಕ್ಷೆ ನಡೆದದ್ದು 2019ರಲ್ಲೇ, ಕೋವಿಡ್‌ಗಿಂತ ಮೊದಲು. ನಾಲ್ಕೇ ವರ್ಷದಲ್ಲಿ ಗಂಡಂದಿರು ಎರಡು ಪಟ್ಟು ಕೆಟ್ಟುಹೋದರೇ? ಅಥವಾ ಹೆಣ್ಣುಮಕ್ಕಳು ಬಾಯಿ ಬಿಡಲು ಶುರು ಮಾಡಿದರೇ? ಕೇಳಿದವರ ತರಬೇತಿ ಬೇರೆಯಾಗಿತ್ತೇ? ಸಮೀಕ್ಷೆಯ ಅಂಕಿಯನ್ನೂ ಕಣ್ಣು ಮುಚ್ಚಿ ನುಂಗುವಂತಿಲ್ಲ ಅನ್ನೋದಕ್ಕೆ ಇದನ್ನು ಹೇಳಿದೆ. ಆದರೆ ಅದೇ ಸುತ್ತಿನ ದೇಶದ ಅಂಕಿಯೊಂದು ನನ್ನ ನಿದ್ದೆ ಕೆಡಿಸಿತು. ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರಲ್ಲಿ ಯಾರಿಂದಲಾದರೂ ಸಹಾಯ ಕೇಳಿದವರು 14%. ಸಹಾಯವನ್ನೂ ಕೇಳದೆ, ಯಾರಿಗೂ ಹೇಳದೆ ಉಳಿದವರು 77%. ಪೊಲೀಸರಿಗೆ ಹೇಳದಿರುವುದು ಬಿಡಿ, ಅವ್ವನಿಗೂ ಅಕ್ಕನಿಗೂ ಹೇಳಿಲ್ಲ.

* * *

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ನಮ್ಮೂರಿಂದ ಘಟಪ್ರಭಾಕ್ಕೆ ಹೋಗಬೇಕು. ಸವದತ್ತಿ ಯಲ್ಲಮ್ಮನ ಹೆಸರಿನಲ್ಲಿ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಬಿಡುವುದು ನಮ್ಮ ಸೀಮೆಯ ಹಳೇ ಗಾಯ. ಕರ್ನಾಟಕ ಸರ್ಕಾರ 1982ರಲ್ಲಿ ಅದನ್ನು ಅಪರಾಧ ಎಂದು ಕಾಯ್ದೆ ಮಾಡಿತು. ಮುತ್ತು ಕಟ್ಟಿಸಿದವರಿಗೆ ಮೂರು ವರ್ಷದವರೆಗೆ, ಕಟ್ಟಿಸಿದವರು ತಂದೆ-ತಾಯಿ ಅಥವಾ ಸಂಬಂಧಿಕರೇ ಆಗಿದ್ದರೆ ಎರಡರಿಂದ ಐದು ವರ್ಷ ಸಜೆ ಎಂದು ಆ ಕಾಯ್ದೆಯಲ್ಲಿತ್ತು.

ಈಗ ಯೋಚಿಸಿ, ಹತ್ತು ಹನ್ನೆರಡು ವರ್ಷದ ಹುಡುಗಿ ಫಿರ್ಯಾದಿ ಕೊಡಬೇಕಾದದ್ದು ಯಾರ ಮೇಲೆ? ಅಪ್ಪ ಅವ್ವನ ಮೇಲೆ. ಸಾಕ್ಷಿ ಹೇಳಬೇಕಾದವರು ಯಾರು? ಊಟ ಮಾಡಿ ಹೋದ ಬಂಧುಗಳು. ಹೀಗಾಗಿ ಠಾಣೆಗಳಲ್ಲಿ ಈ ಕಾಯ್ದೆಯಡಿ ಬಿದ್ದ ಕೇಸುಗಳು ಬಹಳ ಕಡಿಮೆ. ಠಾಣೆಯ ಪುಸ್ತಕ ಮಾತ್ರ ನೋಡಿದರೆ ಈ ಪದ್ಧತಿ ಇಲ್ಲವೇ ಇಲ್ಲ ಅನ್ನಬೇಕು.

ಆದರೆ ಸರ್ಕಾರವೇ ಊರೂರಿಗೆ ಹೋಗಿ 1993-94ರಲ್ಲಿ ಮಾಡಿದ ಸಮೀಕ್ಷೆಯಲ್ಲಿ 22,873 ಹೆಣ್ಣುಮಕ್ಕಳು ಸಿಕ್ಕರು. 2007-08ರಲ್ಲಿ ಮತ್ತೆ ಮಾಡಿದಾಗ ಇನ್ನೂ 23,787. ಒಟ್ಟು 46,660. ಒಂದು ಕಡೆ ಬೆರಳೆಣಿಕೆಯ ಕೇಸು, ಇನ್ನೊಂದು ಕಡೆ ನಲವತ್ತಾರು ಸಾವಿರದ ಆರುನೂರ ಅರವತ್ತು ಜೀವ. ಇವರಲ್ಲಿ ಕಾಯ್ದೆಗಿಂತ ಮೊದಲೇ ಬಿಟ್ಟವರೂ ಇದ್ದಾರೆ, ಹಾಗಾಗಿ ಎಲ್ಲವೂ ಕಾನೂನಿನ ಲೆಕ್ಕದ ಅಪರಾಧ ಅಲ್ಲ. ಆದರೂ ಕತ್ತಲ ಅಂಕಿ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಕೆಟ್ಲೆಯನ್ನು ಬಿಟ್ಟು ಇದನ್ನೇ ಹೇಳುತ್ತೇನೆ.

ಕೇಳುವವರು ಯಾರು ಅನ್ನೋದೂ ಇಲ್ಲಿ ಮುಖ್ಯ. ಜೀಪಿನಲ್ಲಿ ಬಂದ ಸಾಹೇಬರ ಮುಂದೆ ಯಾವ ಹೆಣ್ಣುಮಗಳು ತನ್ನ ಕೊರಳಿನ ಮುತ್ತಿನ ಕತೆ ಹೇಳುತ್ತಾಳೆ? 1997ರಲ್ಲಿ ನಮ್ಮ ಜಿಲ್ಲೆಯ ದೇವದಾಸಿ ಹೆಣ್ಣುಮಕ್ಕಳೇ ಸೇರಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಚಿಕ್ಕದಾಗಿ "ಮಾಸ್", ಕಟ್ಟಿಕೊಂಡರು. ಘಟಪ್ರಭಾ ಅದರ ನೆಲೆ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರು ಮನೆ ಮನೆಗೆ ಹೋಗಿ ಕೂತಾಗ ಬಾಗಿಲು ತೆರೆಯಿತು, ಯಾಕೆಂದರೆ ಕೇಳುವವಳಿಗೂ ಅದೇ ಕತೆ. "ನನಗೂ ಆಗೇತಿ" ಎಂಬ ಒಂದು ಮಾತಿನ ಮುಂದೆ ಯಾವ ಪ್ರಶ್ನೆಪಟ್ಟಿಯೂ ನಿಲ್ಲುವುದಿಲ್ಲ.

ಪಟ್ಟಿಯಲ್ಲಿ ಹೆಸರು ಬಿಟ್ಟುಹೋದರೆ ಏನಾಗುತ್ತದೆ ಎನ್ನುವುದೂ ಇಲ್ಲೇ ಕಾಣುತ್ತದೆ. ಹೆಸರಿಲ್ಲದವಳಿಗೆ ಮಾಸಾಶನ ಇಲ್ಲ, ಪುನರ್ವಸತಿ ಯೋಜನೆ ಇಲ್ಲ. ಸಮೀಕ್ಷೆ ಮಾಡಿದ ದಿನ ಕೂಲಿಗೆ ಹೋದವಳು, ದುಡಿಯಲು ಮಹಾರಾಷ್ಟ್ರಕ್ಕೆ ಹೋದವಳು, ಮಕ್ಕಳ ಲಗ್ನಕ್ಕೆ ಅಡ್ಡಿಯಾದೀತೆಂದು ಹೆದರಿ ಬಾಯಿ ಮುಚ್ಚಿದವಳು, ಇವರೆಲ್ಲ ಸರ್ಕಾರದ ಲೆಕ್ಕದಲ್ಲಿ ಇಲ್ಲ. ಮತ್ತೆ ಸಮೀಕ್ಷೆ ಮಾಡಿ ಅಂತ ಅವರ ಸಂಘಟನೆಗಳು ವರ್ಷಗಟ್ಟಲೆ ಕೇಳಿದ್ದು ಇದಕ್ಕೇ. ಲೆಕ್ಕಕ್ಕೆ ಬರುವುದು ಅವರಿಗೆ ಅನ್ನದ ಪ್ರಶ್ನೆ.

* * *

ಇಷ್ಟೆಲ್ಲ ಓದಿದ ಮೇಲೆ ನನ್ನ ಕಟ್ಟೆ ಸರ್ವೆಯ ದೊಡ್ಡ ತಪ್ಪು ಹೊಳೆಯಿತು. ಏಳು ಜನರಲ್ಲಿ ಒಬ್ಬಳೂ ಹೆಣ್ಣುಮಗಳಿರಲಿಲ್ಲ. ಕಟ್ಟೆಯ ಮೇಲೆ ಅವರು ಕೂಡುವುದೇ ಇಲ್ಲವಲ್ಲ.

ಮೊನ್ನೆ ಹಬ್ಬಕ್ಕೆ ಮತ್ತೆ ಊರಿಗೆ ಹೋದಾಗ ಅಪ್ಪ ಹೊಲಕ್ಕೆ ಹೋಗಿದ್ದರು. ಅವ್ವ ಒಬ್ಬಳೇ ರೊಟ್ಟಿ ಬಡಿಯುತ್ತಿದ್ದಳು. ಅವಳ ಹತ್ತಿರ ಕೂತು ಅದೇ ಪ್ರಶ್ನೆ ಕೇಳಿದೆ. "ನಂದೇನ್ ಕಳವ ಆಕ್ಕೈತೋ, ನನ್ನ ಕಡೆ ಏನೈತಿ" ಅಂದಳು. ನಾನು ಬಿಡಿಸಿ ಕೇಳಿದೆ. ರೊಕ್ಕ? ಭಾಂಡೆ? ಬಂಗಾರ?

ಬಂಗಾರ ಅಂದ ತಕ್ಷಣ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ನಾನಿನ್ನೂ ಸಾಲಿಗೆ ಹೋಗುವಾಗಿನ ಮಾತು. ಭಾರತ ಹುಣ್ಣಿಮೆ ಜಾತ್ರೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋದಾಗ ಗದ್ದಲದಲ್ಲಿ ಅವಳ ಕೊರಳಿನ ಬೋರಮಾಳ ಹೋಗಿತ್ತು. ತವರಿನಲ್ಲಿ ಹಾಕಿದ್ದು. ಸೆರಗು ಹೊದ್ದುಕೊಂಡು ಮನೆಗೆ ಬಂದಳು. ಅತ್ತೆ ಕೇಳಿದಾಗ ತವರು ಮನೆಯಲ್ಲಿ ಇಟ್ಟಿದ್ದೇನೆ ಅಂದಳು. ಆಮೇಲೆ ನಮ್ಮ ಮಾವನಿಗೆ ಮಾತ್ರ ಹೇಳಿ ಅತ್ತಳು. ಮಾವ ಮುಂದಿನ ಸುಗ್ಗಿಗೆ ಕಬ್ಬಿನ ಬಿಲ್ಲು ಬಂದಾಗ ಸದ್ದಿಲ್ಲದೆ ಅಂಥದೇ ಇನ್ನೊಂದು ಮಾಡಿಸಿಕೊಟ್ಟ. ಈಗ ಅವಳ ಕೊರಳಲ್ಲಿರುವುದು ಅದು. ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ.

"ಅಪ್ಪಗ ಯಾಕ ಹೇಳ್ಲಿಲ್ಲವ್ವಾ?"

"ಹೇಳಿದ್ರ ಏನ್ ಆಗ್ತಿತ್ತು? ಯಾರೂ ಕಳ್ಳನ್ನ ಬೈತಿರಲಿಲ್ಲ, ನನ್ನ ಬೈತಿದ್ರು. ನಿನ್ನ ಖಬರ್ ಎಲ್ಲಿತ್ತು ಅಂತಿದ್ರು."

ಸ್ಟೇಶನ್ನಿನ ಪುಸ್ತಕದಲ್ಲಿ ಆ ಕಳವು ಇಲ್ಲ. ನಮ್ಮ ಮನೆಯ ನೆನಪಿನಲ್ಲೂ ಇರಲಿಲ್ಲ. ಒಬ್ಬಳ ಹೊಟ್ಟೆಯಲ್ಲಿ ಇಷ್ಟು ವರ್ಷ ಇತ್ತು, ಅಷ್ಟೇ. ಇಷ್ಟು ವರ್ಷ ನಾನೂ ಕೇಳಿರಲಿಲ್ಲ.

ಇದನ್ನು ಬರೆಯಲೇ ಅಂತ ಅವಳನ್ನು ಕೇಳಿದೆ. "ಬರಿ. ಮಾವನೂ ಹ್ವಾದ, ಅತ್ತೀನೂ ಹ್ವಾದ್ಲು, ಈಗ ಯಾರ್ ಏನ್ ಮಾಡ್ತಾರ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಪ್ಪಗ ಮಾತ್ರ ಓದಿ ಹೇಳಬ್ಯಾಡ" ಅಂತ ಸೇರಿಸಿದಳು. ಅಪ್ಪ ಇಂಟರ್ನೆಟ್ಟಿನ ಕಡೆ ತಲೆ ಹಾಕುವವರಲ್ಲ, ಹಾಗಾಗಿ ಧೈರ್ಯ ಮಾಡಿದ್ದೇನೆ.

ಗೆಳೆಯರೇ, ನಿಮ್ಮಲ್ಲಿ ಒಂದು ವಿನಂತಿ. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಮನೆಯಲ್ಲೂ ಒಂದು ಸಣ್ಣ ಸರ್ವೆ ಮಾಡಿ. ಕಟ್ಟೆಯ ಮೇಲೆ ಬೇಡ, ಅಡಿಗೆ ಮನೆಯಲ್ಲಿ, ಯಾರೂ ಇಲ್ಲದಾಗ, ಒಂದೊಂದಾಗಿ ಬಿಡಿಸಿ ಕೇಳಿ. ಏನು ಸಿಕ್ಕಿತು ಅಂತ ಅವರು ಒಪ್ಪಿದರೆ ಮಾತ್ರ ಬರೆಯಿರಿ. ಒಪ್ಪದಿದ್ದರೆ ಕೇಳಿಸಿಕೊಂಡು ಸುಮ್ಮನಿರಿ, ಅದೂ ಸಾಕು.

ಮತ್ತೆ ಸಿಗೋಣ.